ಮೂರನೆಯ ಭಾನುವಾರದ ಬಿನ್ನಹ

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 7.30

ವಾಕಿಂಗ್ ಮುಗಿಸಿ ಬಂದೆ. ಫುಟ್‌ಪಾತಿನ ಚಪ್ಪಡಿ ಇನ್ನೆರಡು ಕಾಣೆ. ಒಟ್ಟು ಹದಿನೇಳು. ಪಾರ್ಕಿನ ತಿರುವಿನಲ್ಲಿ ಒಂದು ಬೀದಿದೀಪ ಹಗಲೂ ಉರಿಯುತ್ತದೆ, ಅದರ ಪಕ್ಕದ್ದು ಕತ್ತಲಾದರೂ ಉರಿಯುವುದಿಲ್ಲ. ಎರಡನ್ನೂ ನೋಟ್ ಮಾಡಿಕೊಂಡೆ. ಹದಿನಾರಕ್ಕೆ ಮೂರನೆಯ ಭಾನುವಾರ — ಚರ್ಚಿನ ಆರಾಧನೆಯಲ್ಲಿ ನಗರಕ್ಕಾಗಿ ಬಿನ್ನಹ ಓದುವ ಸರದಿ ನನ್ನದು. ಒಂಬತ್ತು ವರ್ಷದಿಂದ ನನ್ನದೇ. ಬೇರೆ ಯಾರೂ ಕೇಳಿಲ್ಲ.

ನನಗಿಂತ ಹಿಂದಿನವರು ಓದುತ್ತಿದ್ದದ್ದು ನೆನಪಿದೆ. "ನಮ್ಮ ನಗರವನ್ನು ಆಶೀರ್ವದಿಸು, ಅಧಿಕಾರಿಗಳಿಗೆ ಜ್ಞಾನ ಕೊಡು." ಮುಗಿಯಿತು. ದೇವರಿಗಾದರೂ ವಿಳಾಸ ಬೇಡವೇ? ನಾನು ಅಡ್ಡರಸ್ತೆಯ ನಂಬರ್ ಸಮೇತ ಹೇಳುತ್ತೇನೆ. ಎದುರು ಮನೆಯ ಪಂಚಾಕ್ಷರಿ ಜೊತೆಯಲ್ಲೇ ವಾಕಿಂಗ್ ಬರುತ್ತಾರೆ, ಜೊತೆಯಲ್ಲೇ ನಗುತ್ತಾರೆ.

"ಮೇಷ್ಟ್ರೇ, ನಾವು ದೇವ್ರ ಹತ್ರ ಮೋಕ್ಷ ಕೇಳ್ತೀವಿ. ನೀವು ಮ್ಯಾನ್‌ಹೋಲ್ ಮುಚ್ಚಳ ಕೇಳ್ತೀರಲ್ರೀ."

"ಮೋಕ್ಷಕ್ಕೆ ನನಗೆ ಆತುರ ಇಲ್ಲ. ಮುಚ್ಚಳ ಇಲ್ದಿದ್ರೆ ಅದೇ ಬೇಗ ಬಂದ್ಬಿಡುತ್ತೆ" ಅಂದೆ.

ರಸ್ತೆ ಗುಡಿಸುವ ಮುನಿತಾಯಮ್ಮ ಐದು ದಿನದಿಂದ ಪತ್ತೆಯಿಲ್ಲ. ಬದಲಿಗೆ ಬಂದವಳು ಅರ್ಧ ಬೀದಿ ಗುಡಿಸಿ ಹೋಗುತ್ತಾಳೆ. ಹೊಂಗೆ ಎಲೆ ಗೇಟಿನವರೆಗೂ ಬಂದಿದೆ. ಅದನ್ನೂ ನೋಟ್ ಮಾಡಿಕೊಂಡೆ.

ಹೆಂಡತಿ ಸುಗುಣ ಅವರೆಕಾಯಿ ಸುಲಿಯುತ್ತಿದ್ದಾಳೆ. ಈ ವರ್ಷದ ಮೊದಲ ಸೊಗಡು. ಎರಡನೆಯ ಕಾಫಿ ಕೇಳದೇ ಬಂತು. ಬಸವೇಶ್ವರನಗರದ ಬೆಳಗನ್ನು ಎಷ್ಟು ಬೈದರೂ ಬಿಟ್ಟುಹೋಗಲು ಮನಸ್ಸಿಲ್ಲ.

ನವೆಂಬರ್ 7, ಶುಕ್ರವಾರ. ಬೆಳಿಗ್ಗೆ 9.15

ಮುನಿತಾಯಮ್ಮ ಬಂದಿದ್ದಾಳೆ. ಮುಖ ಇಳಿದುಹೋಗಿದೆ. ಬಾಗಿಲು ತೆಗೆಯದ ಝೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು.

"ಏನಮ್ಮ, ಎಲ್ಲಿ ಹೋಗ್ಬಿಟ್ಟಿದ್ದೆ?"

"ಆಸ್ಪತ್ರೇಲಿದ್ದೆ ಸಾರ್. ಚಳಿ ಜ್ವರ, ಸೊಂಟದಾಗೆ ನೋವು. ಉಚ್ಚೆ ಉರಿ. ಇದು ಮೂರ್ನೇ ಸಲ."

"ಡಾಕ್ಟ್ರು ಏನಂದ್ರು?"

"ಚೆನ್ನಾಗಿ ನೀರು ಕುಡೀಬೇಕಂತೆ." ಏನೋ ಜೋಕು ಹೇಳಿದವಳ ಹಾಗೆ ನಕ್ಕಳು.

ಕೈಯಲ್ಲಿದ್ದ ಬಾಟಲಿ ಚಾಚಿದೆ. ತೆಗೆದುಕೊಳ್ಳಲಿಲ್ಲ.

"ಈಗ ಬ್ಯಾಡ ಸಾರ್. ಎರಡು ಗಂಟೆಗೆ ಡ್ಯೂಟಿ ಮುಗಿತೈತೆ. ಮನೆಗೆ ಹೋಗಿ ಕುಡೀತೀನಿ."

ಮನೆಗೆ ಬಂದು ಸುಗುಣನಿಗೆ ಹೇಳಿದೆ — ಡಾಕ್ಟರ ಮಾತು ಕೇಳದ ಜನ, ಆಮೇಲೆ ಆಸ್ಪತ್ರೆ ಅನ್ನುತ್ತಾರೆ. ಅವಳು ಒಗ್ಗರಣೆ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ರೀ, ಅವಳು ಬೆಳಿಗ್ಗೆ ಆರಕ್ಕೆ ಹಾಜರಿ ಹಾಕ್ತಾಳೆ. ಎರಡರ ತನಕ ರಸ್ತೇಲಿರ್ತಾಳೆ. ಕುಡಿದ್ರೆ ಎಲ್ಲಿಗೆ ಹೋಗ್ಬೇಕು?"

ಬಾಟಲಿಯನ್ನು ಮೇಜಿನ ಮೇಲಿಟ್ಟೆ.

"ನಮ್ಮನೆಗೇ ಬಾ ಅಂತ ಎರಡು ಸಲ ಕರ್ದೆ. ಈ ಬಟ್ಟೇಲಿ ಒಬ್ಬರ ಮನೆಯೊಳಗೆ ಬರಲ್ಲ ಅಂದ್ಲು. ನಾನೊಬ್ಳೇ ಅಲ್ಲ, ನಾವು ಆರು ಜನ ಇದೀವಿ ಅಂದ್ಲು. ಇನ್ನೊಂದ್ಸಲ ಹಿಂಗಾದ್ರೆ ಕಿಡ್ನಿಗೇ ಹೋಗುತ್ತೆ ಅಂದಿದ್ದಾರಂತೆ ಡಾಕ್ಟ್ರು."

ಹನ್ನೊಂದು ವರ್ಷದಿಂದ ಈ ಬೀದಿ ಗುಡಿಸುತ್ತಿದ್ದಾಳೆ. ಚಪ್ಪಡಿ ಎಣಿಸುತ್ತಾ ನಾನು ದಿನಾ ಅವಳ ಪಕ್ಕದಲ್ಲೇ ಹಾದುಹೋಗಿದ್ದೇನೆ.

ನವೆಂಬರ್ 8, ಶನಿವಾರ. 11.00

ತರಕಾರಿ ಅಂಗಡಿಗಳ ಹಿಂದಿನ ಸಾರ್ವಜನಿಕ ಶೌಚಾಲಯ ನೋಡಿ ಬಂದೆ. ಬೀಗ. ಬೀಗಕ್ಕೆ ತುಕ್ಕು. ಗ್ರಾನೈಟ್ ಫಲಕದಲ್ಲಿ ಉದ್ಘಾಟನೆಗೆ ಬಂದವರ ಹೆಸರು ಒಂಬತ್ತು. ಒಳಗಿರುವ ಕೋಣೆ ನಾಲ್ಕು.

ಈ ಜಾಗ ನನಗೆ ಗೊತ್ತು. ಕಾರ್ಡ್ ರೋಡ್ ದಾಟಿದರೆ ಹೊಲ ಸಿಗುತ್ತಿದ್ದ ಕಾಲದಿಂದ ಗೊತ್ತು. ಮೊದಲು ಸೇದುವ ಬಾವಿ. ಬಾವಿ ಮುಚ್ಚಿ ಹಾಲಿನ ಬೂತ್. ಬೂತ್ ಎತ್ತಿ ಕಟೌಟ್. ಕಟೌಟಿನವರು ಸೋತ ಮೇಲೆ ಇದು. ಯಾವ ವರ್ಷ ಯಾರು ಏನು ಮುಚ್ಚಿದರು, ಯಾರು ಸಹಿ ಹಾಕಿದರು — ಈ ಏರಿಯಾದಲ್ಲಿ ಇದನ್ನೆಲ್ಲ ನೆನಪಿಟ್ಟುಕೊಂಡವನು ನಾನೊಬ್ಬನೇ ಉಳಿದಿರುವುದು. ಪಂಚಾಕ್ಷರಿಗೆ ಹೆಂಡತಿಯ ಹುಟ್ಟಿದ ದಿನವೇ ನೆನಪಿರುವುದಿಲ್ಲ.

ಸಂಬಂಧಪಟ್ಟ ಆಫೀಸಿಗೆ ಫೋನ್ ಮಾಡಿದೆ.

"ಅದು ಹಳೇ ಕಂಟ್ರಾಕ್ಟು ಸಾರ್. ಫೈಲ್ ಯಾವ ಟೇಬಲ್‌ಗೆ ಹೋಗಿದೆ ಅಂತ ನೋಡ್ಬೇಕು."

"ಶೌಚಾಲಯ ಎಲ್ಲಿಗೂ ಹೋಗಿಲ್ವಲ್ಲ. ಎದುರಿಗೇ ಇದೆ."

"ಫೈಲ್ ಬೇಕಲ್ಲ ಸಾರ್."

ಬಿನ್ನಹ ಬರೆಯಲು ಕೂತೆ. ಸಿಟ್ಟಿನಲ್ಲಿ ಬರೆದದ್ದು ಚೆನ್ನಾಗಿ ಬಂದಿದೆ.

ನವೆಂಬರ್ 16, ಭಾನುವಾರ. ಮಧ್ಯಾಹ್ನ 1.00

ಓದಿದೆ. ಮುಖ್ಯ ಭಾಗ ಇಲ್ಲಿ ನಕಲು ಮಾಡಿಡುತ್ತೇನೆ —

"ಕರ್ತನೇ, ನಸುಕಿನಲ್ಲೇ ನಮ್ಮ ಬೀದಿ ಗುಡಿಸುವ ಹೆಂಗಸರಿಗಾಗಿ ಬೇಡುತ್ತೇವೆ. ದೇಹಕ್ಕೆ ನೀನೇ ಕೊಟ್ಟ ಅವಸರವನ್ನು ಎಂಟು ತಾಸು ಅದುಮಿಟ್ಟುಕೊಂಡು ಅವರು ದುಡಿಯುತ್ತಾರೆ. ತೆರೆದಿರಬೇಕಾದ ಬಾಗಿಲಿಗೆ ಬೀಗ ಜಡಿದವರ ಮನಸ್ಸನ್ನು ಮುಟ್ಟು. ಅವರಿಗೆ ನಾಚಿಕೆ ಕೊಡು."

ಆರಾಧನೆಗೆ ಮೊದಲು ಎಲಿಷಾ ಅಯ್ಯನವರು ಹಾಳೆ ನೋಡಿದ್ದರು. ನಮ್ಮ ಸಭೆಗೆ ಜೂನಿನಲ್ಲಿ ಬಂದ ಪಾಸ್ಟರ್, ಮೂವತ್ತನಾಲ್ಕು ವರ್ಷ.

"ನಾಚಿಕೆ ಅನ್ನೋದು ಸ್ವಲ್ಪ ಖಾರ ಆಯ್ತೇನೋ ಮೇಷ್ಟ್ರೇ."

"ಖಾರ ಇರಲಿ ಅಯ್ಯನವರೇ. ಸಪ್ಪೆ ಪ್ರಾರ್ಥನೆ ಐವತ್ತು ವರ್ಷ ಮಾಡಿ ಆಯ್ತು."

ನಕ್ಕು ಹಾಳೆ ವಾಪಸ್ ಕೊಟ್ಟರು. ಪ್ರತಿ ಬಿನ್ನಹ ಮುಗಿದ ಮೇಲೆ ಸಭೆಯವರು ಒಟ್ಟಾಗಿ ಒಂದು ಮಾತು ಹೇಳಬೇಕು. ಮೊದಲು "ಕರ್ತನೇ, ಕೇಳು" ಎಂದಿತ್ತು. ಇವರು ಬಂದ ಮೇಲೆ "ಕರ್ತನೇ, ನಮ್ಮ ಕೈಗಳನ್ನು ಉಪಯೋಗಿಸು" ಎಂದು ಬದಲಾಯಿಸಿದರು. ನನಗೆ ಮೆಚ್ಚುಗೆಯಿರಲಿಲ್ಲ, ಘೋಷಣೆ ಕೂಗಿದ ಹಾಗೆ ಕೇಳುತ್ತದೆ. ಇವತ್ತು ಮಾತ್ರ ಇನ್ನೂರು ಜನ ಒಂದೇ ಉಸಿರಿನಲ್ಲಿ ಹೇಳಿದಾಗ ರೋಮ ಎದ್ದಿತು. ಸೆಕ್ರೆಟರಿ ಥಿಯೋಫಿಲಸ್ ಅವರ ದನಿಯೇ ಎಲ್ಲರಿಗಿಂತ ಮೇಲೆ. ಬ್ಯಾಂಕಿನಿಂದ ರಿಟೈರ್ ಆದರೂ ಗಂಟಲು ರಿಟೈರ್ ಆಗಿಲ್ಲ.

ಹೊರಗೆ ಬಂದಾಗ ಹನ್ನೆರಡು ಜನ ಕೈಕುಲುಕಿದರು. "ಕಣ್ಣಲ್ಲಿ ನೀರು ಬಂತು ಬ್ರದರ್" ಅಂದರು ಒಬ್ಬರು. ಸುಗುಣ ಮಟನ್ ಸಾರು ಮಾಡಿದ್ದಾಳೆ. ಊಟ, ಆಮೇಲೆ ನಿದ್ದೆ.

ನವೆಂಬರ್ 17, ಸೋಮವಾರ. ಬೆಳಿಗ್ಗೆ 8.10

ಮುನಿತಾಯಮ್ಮನಿಗೆ ಹೇಳಿದೆ — ನಿನಗೋಸ್ಕರ ನಿನ್ನೆ ಚರ್ಚಿನಲ್ಲಿ ಪ್ರಾರ್ಥನೆ ಮಾಡಿದೆವು, ಇನ್ನೂರು ಜನ. ಹೇಳದಿದ್ದರೂ ನಡೆಯುತ್ತಿತ್ತು. ಹೇಳಬೇಕೆನಿಸಿತು.

"ನಮ್ಗೋಸ್ಕರಾನಾ?" ಪೊರಕೆ ನಿಲ್ಲಿಸಿದಳು. "ಏನಂತ ಸಾರ್?"

"ನಿಮಗೊಂದು ಶೌಚಾಲಯ ಬೇಕು ಅಂತ. ಅಲ್ಲಿ ಬೀಗ ಹಾಕಿದಾರಲ್ಲ, ಅದು ತೆಗೀಲಿ ಅಂತ."

ಪೊರಕೆಯ ಹಿಡಿ ನೆಲಕ್ಕೆ ಕುಟ್ಟಿ ಬಿಗಿ ಮಾಡಿಕೊಂಡಳು. ಆಮೇಲೆ, ತುಂಬ ಮೆತ್ತಗೆ —

"ನಿಮ್ ಚರ್ಚಿನ ಹಿಂದೆನೇ ಒಂದೈತಲ್ಲ ಸಾರ್."

"ಎಲ್ಲಿ?"

"ಸಂಡೇ ಸ್ಕೂಲ್ ರೂಮಿನ ಹಿಂದೆ. ಮೊದ್ಲು ನಾವು ಅಲ್ಲಿಗೇ ಹೋಗ್ತಿದ್ವಿ. ಚರ್ಚೂ ನಮ್ ಲೈನಲ್ಲೇ ಬರ್ತದೆ. ಆಮೇಲೊಂದಿನ ಒಬ್ರು ಸಾರ್ ಬಂದು ಬೈದ್ರು, ಇದೇನು ಬಸ್ ಸ್ಟ್ಯಾಂಡಾ ಅಂತ. ಮರುವಾರ ಬೀಗ ಬಿತ್ತು."

"ಯಾರು ಅಂತ ನೆನಪಿದ್ಯಾ?"

"ಇಲ್ಲ ಸಾರ್." ತುಂಬ ಬೇಗ ಹೇಳಿದಳು. ಎಲೆ ಗುಡ್ಡೆ ಹಾಕುವುದಕ್ಕೆ ಹೊರಟುಹೋದಳು.

"ಇದೇನು ಬಸ್ ಸ್ಟ್ಯಾಂಡಾ." ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದೆ. ಗಲಾಟೆಯಾದಾಗಲೆಲ್ಲ ನಾನು ಹೇಳುತ್ತಿದ್ದ ಮಾತು. ಹುಡುಗರು ನನ್ನ ದನಿಯಲ್ಲೇ ಅಣಕಿಸುತ್ತಿದ್ದರು.

ನೆನಪಿಲ್ಲ. ಎಷ್ಟು ತಿಣುಕಿದರೂ ಆ ದಿನ ನೆನಪಾಗುತ್ತಿಲ್ಲ.

ನವೆಂಬರ್ 18, ಮಂಗಳವಾರ. 12.20

ವೆಸ್ಟ್ರಿ ಎಂಬ ಚರ್ಚಿನ ಒಳಕೋಣೆಯ ಬೀರುವಿನಲ್ಲಿ ಕಮಿಟಿಯ ನಡಾವಳಿ ಪುಸ್ತಕ. 2016, ಆಗಸ್ಟ್.

"ಹೊರಗಿನವರು ಶೌಚಾಲಯ ಬಳಸುತ್ತಿರುವುದರಿಂದ ವಾರದ ದಿನಗಳಲ್ಲಿ ಬೀಗ ಹಾಕತಕ್ಕದ್ದು." ಸೂಚಕರು — ನಾನು. ಅನುಮೋದಕರು — ಥಿಯೋಫಿಲಸ್. ನಡಾವಳಿ ಬರೆದದ್ದೂ ನನ್ನದೇ ಅಕ್ಷರ. ನೀಟಾದ ಅಕ್ಷರ.

ಅದೇ ಪುಟದಲ್ಲಿ, ಅದರ ಕೆಳಗಿನ ಠರಾವು — ಪ್ರತಿ ತಿಂಗಳ ಮೂರನೆಯ ಭಾನುವಾರ ನಗರಕ್ಕಾಗಿ ಬಿನ್ನಹ ಓದುವ ಜವಾಬ್ದಾರಿಯನ್ನು ಮೇಷ್ಟ್ರಿಗೆ ವಹಿಸಲಾಗಿದೆ.

ಪುಸ್ತಕ ಮುಚ್ಚಿ ಬೆಂಚಿನ ಮೇಲೆ ಕೂತಿದ್ದೆ. ಅಯ್ಯನವರು ಬಂದು ಏನು ಹುಡುಕುತ್ತಿದ್ದೀರಿ ಅಂದರು. ತೆರೆದು ತೋರಿಸಿದೆ. ಓದಿದರು. "ಟೀ ಕುಡಿಯೋಣ ಬನ್ನಿ ಮೇಷ್ಟ್ರೇ" ಅಂದರು. ಅಷ್ಟೇ ಅಂದರು. ಒಳ್ಳೆಯ ಹುಡುಗ.

ನವೆಂಬರ್ 23, ಭಾನುವಾರ. ಸಂಜೆ 4.00

ಆರಾಧನೆ ಮುಗಿದ ಮೇಲೆ ಕಮಿಟಿ. ಬೀಗ ತೆಗೆಯಬೇಕು ಎಂದು ನಾನೇ ಸೂಚಿಸಿದೆ. ಥಿಯೋಫಿಲಸ್ ಕನ್ನಡಕ ತೆಗೆದು ಒರೆಸಿದರು. ಅವರು ಹಾಗೆ ಮಾಡಿದರೆ ಸಾಲದ ಅರ್ಜಿ ತಿರಸ್ಕಾರ ಎಂದೇ ಅರ್ಥ.

"ಓಪನ್ ಮಾಡಿದ್ರೆ ನಾಳೆ ಆಟೋದವರು, ಡೆಲಿವರಿಯವರು, ಎಲ್ಲಾ ಬರ್ತಾರೆ. ಅವತ್ತು ನೀವೇ ಹೇಳಿದ್ದು ಇದನ್ನ."

"ಹೌದು, ನಾನೇ. ತಪ್ಪು ಹೇಳಿದ್ದೆ."

ಯಾರೋ ಕೆಮ್ಮಿದರು. ಈ ಮಾತು ನನ್ನ ಬಾಯಿಂದ ಅವರು ಯಾರೂ ಕೇಳಿರಲಿಲ್ಲ.

"ಸರಿ, ತೊಳೆಯೋರು ಯಾರು? ವಾಚ್‌ಮನ್ ನಂಜುಂಡಪ್ಪ ಭಾನುವಾರ ಒಂದು ದಿನ ತೊಳೆಯೋಕೇ ಗೊಣಗ್ತಾನೆ."

"ಬರೋ ಹೆಂಗಸರೇ ತೊಳ್ಕೊಳ್ಳಲಿ" ಅಂದರು ಮಹಿಳಾ ಸಂಘದವರೊಬ್ಬರು. "ಅವರಿಗೆ ಅಭ್ಯಾಸ ಇರುತ್ತಲ್ಲ."

ಅಯ್ಯನವರು ಅಲ್ಲಿಯವರೆಗೂ ಮಾತಾಡಿರಲಿಲ್ಲ. "ಹೋದ ವಾರ ನಾವು ಹೇಳಿದ್ದು ನಮ್ಮ ಕೈಗಳು ಅಂತ ಸಿಸ್ಟರ್. ಅವರ ಕೈಗಳು ಅನ್ನಲಿಲ್ಲ." ಒಂದು ಹಾಳೆ ಎಳೆದುಕೊಂಡು ವಾರದ ಹೆಸರು ಬರೆದರು. ಸೋಮವಾರದ ಮುಂದೆ ತಮ್ಮ ಹೆಸರು. ಪೆನ್ನು ಮೇಜಿನ ನಡುವೆ ಇಟ್ಟರು.

ಮಂಗಳವಾರ ನಾನು ಹಾಕಿಕೊಂಡೆ. ಪೆನ್ನು ಥಿಯೋಫಿಲಸ್ ಅವರ ಎದುರಿಗೆ ನಿಂತಿತ್ತು.

"ಬುಧವಾರ ನಂಗೆ ಶುಗರ್ ಟೆಸ್ಟ್ ಇರುತ್ತೆ" ಅಂದರು.

ಅಯ್ಯನವರು ಹಾಳೆಯನ್ನು ಅವರ ಕಡೆಗೇ ಸರಿಸಿದರು.

"...ಗುರುವಾರ ಹಾಕ್ಕೊಳ್ಳಿ. ಆದ್ರೆ ಒಂದು ಮಾತು. ಯಾರೂ ಬರದೇ ಇದ್ರೆ ಹದಿನೈದು ದಿನಕ್ಕೆ ಮತ್ತೆ ಬೀಗ."

ಡಿಸೆಂಬರ್ ಒಂದರಿಂದ ತೆರೆಯುವುದು. ಮನೆಗೆ ಬಂದು ಸುಗುಣನಿಗೆ ಹೇಳಿದರೆ ಕುರ್ಚಿ ಹಿಡಿದುಕೊಂಡು ನಕ್ಕಳು.

"ನೀವಾ? ಮದ್ವೆ ಆಗಿ ನಲವತ್ತೊಂದು ವರ್ಷ. ನಮ್ಮನೆ ಕಮೋಡ್ ಬ್ರಷ್ ಯಾವ ಬಣ್ಣ, ಹೇಳಿ ನೋಡೋಣ."

"ನೀಲಿ."

"ಹಸಿರು. ನಾಳೆಯಿಂದ ಇಲ್ಲೇ ಪ್ರಾಕ್ಟೀಸ್ ಮಾಡಿ."

ಡಿಸೆಂಬರ್ 2, ಮಂಗಳವಾರ. 10.30

ತೊಳೆದೆ. ಒಂದು ವಾರದ ತರಬೇತಿ ವ್ಯರ್ಥವಾಗಲಿಲ್ಲ. ಮೊದಲು ನೀರು, ಆಮೇಲೆ ಪುಡಿ, ಹತ್ತು ನಿಮಿಷ ಬಿಡಬೇಕು, ಆಮೇಲೆ ಉಜ್ಜಬೇಕು. ನಾನು ಬಿಡದೆ ಉಜ್ಜುತ್ತಿದ್ದೆ. ಸಿಟ್ಟಿನವರು ಹಾಗೆಯೇ ಉಜ್ಜುತ್ತಾರಂತೆ — ಸುಗುಣನ ಸಿದ್ಧಾಂತ. ಮಂಡಿ ಹಿಡಿದುಕೊಂಡಿದೆ. ಆದರೂ ಬಿಳಿ ಟೈಲ್ಸ್ ಹೊಳೆಯುವುದು ನೋಡಿ ಒಂದು ಬಗೆಯ ಖುಷಿ. ಉತ್ತರಪತ್ರಿಕೆ ತಿದ್ದಿ ಮುಗಿಸಿ ಕಟ್ಟು ಕಟ್ಟಿದ ಹಾಗೆ.

ಗೇಟಿಗೆ ರಟ್ಟಿನ ಬೋರ್ಡು ಬರೆದು ಕಟ್ಟಿದೆ. ಹತ್ತೂವರೆಯವರೆಗೂ ಕಾದೆ. ಯಾರೂ ಬರಲಿಲ್ಲ. ನಿನ್ನೆಯೂ ಬರಲಿಲ್ಲವಂತೆ.

ಡಿಸೆಂಬರ್ 4, ಗುರುವಾರ. ಬೆಳಿಗ್ಗೆ 11.45

ಥಿಯೋಫಿಲಸ್ ಇವತ್ತು ರೇನ್‌ಕೋಟು, ರಬ್ಬರ್ ಗ್ಲೌಸ್, ಮಾಸ್ಕ್ ಸಮೇತ ಬಂದು ತೊಳೆದಿದ್ದಾರೆ. ಹೊಳೆಯುವ ನಲ್ಲಿಯ ಫೋಟೋ ಕಮಿಟಿ ಗ್ರೂಪಿನಲ್ಲಿ. ಕೆಳಗೆ — "ನಾಲ್ಕು ದಿನ, ಬಂದವರು ಸೊನ್ನೆ."

ಉರಿಯಿತು. ಆದರೆ ಲೆಕ್ಕ ಸರಿಯಿದೆ.

ಮುನಿತಾಯಮ್ಮನನ್ನೇ ಕೇಳಿದೆ. ಮುಖ ಬಾಡಿದೆ, ತುಟಿ ಒಣಗಿ ಬಿರಿದಿದೆ. ಅವಳಿಗೆ ಬಾಗಿಲು ತೆಗೆದದ್ದು ಮೊದಲ ದಿನವೇ ಗೊತ್ತಂತೆ.

"ಮತ್ತೆ ಯಾಕೆ ಬರಲಿಲ್ಲ?"

"ಒಂದ್ಸಲ ಬೈಸ್ಕೊಂಡ ಜಾಗ ಸಾರ್. ನಮ್ ಹೆಂಗಸ್ರು ತಿರುಗಿ ಕಾಲಿಡಲ್ಲ."

"ಅವರು ಬಿಡು. ನಿನಗೆ ಮೈ ಸರಿ ಇಲ್ಲ. ನೀನು ಬಾ."

"ಅವ್ರು ಐದು ಜನ ಬ್ಯಾಡ ಅಂದಿದ್ದಕ್ಕೆ ನಾನೊಬ್ಳು ಹೋದ್ರೆ ಚೆನ್ನಾಗಿರ್ತದಾ? ನಂಗೂ ಮರ್ಯಾದೆ ಇಲ್ವಾ ಸಾರ್?"

ಬೋರ್ಡು ಬರೆದು ಕಟ್ಟಿದರೆ ಸಾಕು ಅಂದುಕೊಂಡಿದ್ದೆ. ಆಫೀಸಿನವರೂ ಹಾಗೇ ಅಂದುಕೊಳ್ಳುವುದು.

ಡಿಸೆಂಬರ್ 5, ಶುಕ್ರವಾರ. ಬೆಳಿಗ್ಗೆ 7.05

ಈಗಷ್ಟೇ ಬಂದೆ. ಬರೆದುಬಿಡುತ್ತೇನೆ.

ಆರಕ್ಕೆ ಪಾರ್ಕಿನ ಮೂಲೆಗೆ ಹೋದೆ. ಹಾಜರಿ ಅಲ್ಲೇ ಹಾಕುವುದು. ಮಂಜು. ಆರು ಹೆಂಗಸರು, ಮೊಬೈಲ್ ಹಿಡಿದ ಮೇಸ್ತ್ರಿ ಕೊಟ್ರೇಶ್. ಪಂಚಾಕ್ಷರಿ ಬೇಡವೆಂದರೂ ಜೊತೆಗೆ ಬಂದರು, ಮಫ್ಲರ್ ಸುತ್ತಿಕೊಂಡು. ಐವತ್ತು ಹುಡುಗರ ತರಗತಿಗೆ ಹೆದರದವನು, ಆರು ಜನರ ಎದುರಿಗೆ ಪಾಠ ಒಪ್ಪಿಸುವ ಹುಡುಗನ ಹಾಗೆ ಕೈಕಟ್ಟಿ ನಿಂತೆ.

"ಒಂಬತ್ತು ವರ್ಷದ ಹಿಂದೆ ಚರ್ಚಿನ ಹಿಂದೆ ನಿಮ್ಮನ್ನ ಬೈದೋನು ನಾನು. ಬೀಗ ಹಾಕ್ಸಿದ್ದೂ ನಾನೇ. ತಪ್ಪಾಯ್ತು. ಈಗ ತೆಗ್ದಿದೆ. ನೀವು ಬರ್ಬೇಕು."

ಎಲ್ಲರಿಗಿಂತ ಹಿರಿಯಳು ನರಸಮ್ಮ. ಎಲೆ ಅಡಿಕೆ ಉಗಿದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇ ಅಂತ ನಮ್ಗೊತ್ತು ಸಾರ್. ಕನ್ನಡಕ ಬದ್ಲಾಯಿಸಿದ್ರೆ ಗೊತ್ತಾಗಲ್ವಾ?" ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಒಂದು ಕೈ ಹಿಂದಕ್ಕೆ ಕಟ್ಟಿ, ಮೂಗಿನಿಂದ — "ಇದೇನು ಬಸ್ ಸ್ಟ್ಯಾಂಡಾ?"

ನಾನೇ. ಸಾಕ್ಷಾತ್ ನಾನೇ. ನನ್ನ ಹುಡುಗರೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪಂಚಾಕ್ಷರಿ ಮಫ್ಲರ್ ಬಾಯಿಗೆ ಹಿಡಿದುಕೊಂಡರು. ತಡೆಯಲಾಗದೆ ನಾನೂ ನಕ್ಕೆ.

"ನೀವೇ ತೊಳೀತೀರಂತೆ, ನಿಜಾನಾ?"

"ಮಂಗಳವಾರ ನಂದು."

"ಹಂಗಾದ್ರೆ ಮಂಗಳವಾರಾನೇ ಬರ್ತೀವಿ. ಕಣ್ಣಾರೆ ನೋಡ್ಬೇಕು."

"ಅಲ್ಲೀ ತನಕ ನಾಲ್ಕು ದಿನ ಇದೆಯಲ್ಲಮ್ಮ. ಇವಳ ಮೈ..." ಮುನಿತಾಯಮ್ಮನ ಕಡೆ ತೋರಿಸಿದೆ.

ನರಸಮ್ಮ ಅವಳನ್ನು ನೋಡಿದಳು. ನಗು ನಿಂತಿತು. "ಸರಿ ಬಿಡಿ. ಇವತ್ತು ಇವಳನ್ನ ನಾನೇ ಕರ್ಕೊಂಡ್ ಬರ್ತೀನಿ. ಯಾರಾದ್ರೂ ಏನಾದ್ರೂ ಅಂದ್ರೆ ನಿಮ್ ಮನೆ ಮುಂದೆ ಬಂದು ಕೂಗಾಡ್ತೀನಿ."

"ಕೂಗಾಡಿ" ಅಂದೆ.

ವಾಪಸ್ ಬರುವಾಗ ಪಂಚಾಕ್ಷರಿ, "ಮೇಷ್ಟ್ರೇ, ನಿಮ್ಮ ಬಿನ್ನಹಕ್ಕೆ ನಾನು ನಗ್ತಿದ್ದೆ. ಇವತ್ತಿನದು ಪರ್ವಾಗಿಲ್ಲ" ಅಂದರು.

ಡಿಸೆಂಬರ್ 9, ಮಂಗಳವಾರ. ಬೆಳಿಗ್ಗೆ 8.50

ವೆಸ್ಟ್ರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಫಿನಾಯಿಲ್ ವಾಸನೆ. ಕಿಟಕಿಯಿಂದ ಹಿಂದಿನ ಅಂಗಳ ಕಾಣುತ್ತದೆ.

ಆರೂ ಜನ ಬಂದಿದ್ದಾರೆ. ನರಸಮ್ಮ ಮೊದಲು ತಪಾಸಣೆ ಮಾಡಿದಳು. ಟೈಲ್ಸಿಗೆ ಪಾಸ್ ಮಾರ್ಕು. ಒಳಗಿನ ಚಿಲಕಕ್ಕೆ ಫೇಲ್ — ಕೂರುವುದೇ ಇಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಾಳೆ. ವಾರದಿಂದ ತೊಳೆದ ಗಂಡಸರಾದ ನಮಗೆ ಯಾರಿಗೂ ಇದು ಕಂಡಿರಲಿಲ್ಲ. ಗ್ರೂಪಿಗೆ ಹಾಕಿದೆ. ಎರಡೇ ನಿಮಿಷಕ್ಕೆ ಥಿಯೋಫಿಲಸ್ ಅವರಿಂದ ಉತ್ತರ — "ಮನೇಲಿ ಹೊಸದು ಒಂದಿದೆ. ಸ್ಕ್ರೂಡ್ರೈವರ್ ತರ್ತಾ ಇದೀನಿ." ಇವತ್ತು ಗುರುವಾರವಲ್ಲ. ನಾನೂ ನೆನಪಿಸಲಿಲ್ಲ.

ಮುನಿತಾಯಮ್ಮ ಈಗ ಹೊರಬಂದಳು. ಶುಕ್ರವಾರದಿಂದ ದಿನಾ ಬರುತ್ತಿದ್ದಾಳೆ, ಆದರೂ ಡ್ಯೂಟಿಯಲ್ಲಿ ನೀರು ಮಾತ್ರ ಕುಡಿದಿರಲಿಲ್ಲ — ನಾಳೆ ಬೀಗ ಬಿದ್ದರೆ ಎಂದು. ಸೋಪು ಹಚ್ಚಿ ಮೊಣಕೈವರೆಗೂ ತೊಳೆದಳು. ಮೆಟ್ಟಿಲ ಮೇಲಿಟ್ಟಿದ್ದ ನನ್ನ ಬಾಟಲಿ ಕಂಡಿತು. ಕಿಟಕಿಯ ಕಡೆ ತಿರುಗಿ ಕಣ್ಣಲ್ಲೇ ಕೇಳಿದಳು. ತಲೆಯಾಡಿಸಿದೆ. ನಿಂತಲ್ಲೇ ಎತ್ತಿ ಕುಡಿದಳು, ಗಟಗಟ, ಒಂದು ಲೀಟರ್ ಪೂರ್ತಿ. ಕತ್ತಿನ ಮೇಲೆ ಹರಿದದ್ದನ್ನು ಸೆರಗಿನಿಂದ ಒರೆಸಿಕೊಂಡಳು. ಗಂಟೆ ಇನ್ನೂ ಒಂಬತ್ತಾಗಿಲ್ಲ.

ಇಪ್ಪತ್ತೊಂದನೆಯ ತಾರೀಖಿನ ಬಿನ್ನಹ ಶುರು ಮಾಡಬೇಕು. ಒಂದು ಸಾಲು ಹೊಳೆದಿದೆ, "ಕರ್ತನೇ, ನಮಗೆ ಕಾಣದೇ ಹೋದ ಚಿಲಕಗಳಿಗಾಗಿ"... ಮುನಿತಾಯಮ್ಮ ಕಿಟಕಿ ಬಡಿಯುತ್ತಿದ್ದಾಳೆ. ಬಾಟಲಿ ತಲೆಕೆಳಗೆ ಮಾಡಿ ತೋರಿಸುತ್ತಿದ್ದಾಳೆ. ಇನ್ನೊಂದು ಬೇಕಂತೆ. ತುಂಬಿಸಿ ಕೊಟ್ಟು ಬಂದು ಬರೆಯುತ್ತೇನೆ.